ಬೆಳಗಿನ ಪ್ರಶ್ನೆ

ಕ್ಲಿನಿಕ್ಕಿನಲ್ಲಿ ಅವಳನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವರು ಡಾಕ್ಟರಮ್ಮ. ನರ್ಸ್ ಕೆಲಸಕ್ಕೆ ಸೇರಿದ ಮೊದಲ ವಾರವೇ, "ಈ ಹುಡುಗಿಗೆ ಸ್ವಿಚ್ ಎಲ್ಲಿದೆ ಅಂತ ಯಾರಾದ್ರೂ ಹುಡುಕಿ ಕೊಡ್ರಪ್ಪ" ಎಂದಿದ್ದರು. ಆಮೇಲೆ ಅದೇ ಬಾಯಿಯನ್ನು ಕೆಲಸಕ್ಕೆ ಹಚ್ಚಿದರು.

ಕ್ಲಿನಿಕ್ಕಿನಲ್ಲಿ ಇದ್ದದ್ದು ಎರಡು ಕೋಣೆ. ಬೀದಿ ಕಡೆಯ ಕೋಣೆಯಲ್ಲಿ ಬೆಳಿಗ್ಗೆ ಬಸುರಿಯರ ತಪಾಸಣೆ: ತೂಕ, ಬಿ.ಪಿ., ಸ್ಕ್ಯಾನ್. ಊಟವಾದ ಮೇಲೆ ಹಿಂದಿನ ಕೋಣೆ. ಅಲ್ಲಿ ಗರ್ಭಪಾತ. ಮಧ್ಯದ ಬಾಗಿಲಿನ ಹತ್ತಿರ ನೀಲಿ ರಬ್ಬರ್ ಚಪ್ಪಲಿಗಳು ಇರುತ್ತಿದ್ದವು. ಹಿಂದಿನ ಕೋಣೆಗೆ ಹೋಗುವಾಗ ಅವನ್ನು ಹಾಕಿಕೊಳ್ಳಬೇಕು, ಬರುವಾಗ ಅಲ್ಲೇ ಬಿಡಬೇಕು.

ಹಿಂದಿನ ಕೋಣೆಯಲ್ಲಿ ಪೂರ್ತಿ ಪ್ರಜ್ಞೆ ತಪ್ಪಿಸುತ್ತಿರಲಿಲ್ಲ. ಬೇಕಾದ ಜಾಗ ಮಾತ್ರ ಮರಗಟ್ಟುವ ಹಾಗೆ ಇಂಜೆಕ್ಷನ್ ಕೊಡುತ್ತಿದ್ದರು. ಮಲಗಿದವಳಿಗೆ ಎಚ್ಚರ ಇರುತ್ತದೆ, ಭಯವೂ ಇರುತ್ತದೆ. ಅದಕ್ಕೇ ತಲೆಯ ಕಡೆ ಒಬ್ಬರು ನಿಂತು ಕೈ ಹಿಡಿದುಕೊಂಡು ಮಾತಾಡಿಸುತ್ತಿರಬೇಕು. ಅದು ರೇಡಿಯೋಳ ಕೆಲಸ. "ಅರ್ಧ ಔಷಧಿ ನನ್ನ ಸಿರಿಂಜಲ್ಲಿದೆ, ಅರ್ಧ ಇವಳ ಬಾಯಲ್ಲಿದೆ" ಎಂದು ಡಾಕ್ಟರಮ್ಮ ಹೇಳಿಕೊಳ್ಳುತ್ತಿದ್ದರು. ಅದು ಸುಳ್ಳಾಗಿರಲಿಲ್ಲ.

ಬೆಳಗಿನ ಮಾತು ಬೇರೆ, ಮಧ್ಯಾಹ್ನದ ಮಾತು ಬೇರೆ. ಬೆಳಿಗ್ಗೆ ಹೊಟ್ಟೆಯ ಮೇಲೆ ಜೆಲ್ ಹಚ್ಚುತ್ತಾ ವಾಂತಿ ನಿಂತಿತೇ, ಒದೆಯುತ್ತಿದೆಯೇ, ಅಪ್ಪನ ಹಾಗೆ ಮೂಗಿದ್ದರೆ ಏನು ಗತಿ, ಹೆಸರೇನಾದರೂ ಯೋಚಿಸಿದ್ದೀರಾ ಎಂದೆಲ್ಲ ಕೇಳುತ್ತಿದ್ದಳು. ಮಧ್ಯಾಹ್ನ ಹೊಟ್ಟೆಯ ಸುದ್ದಿಯೇ ಇಲ್ಲ. ಏನು ಕೆಲಸ ಮಾಡುತ್ತೀರಿ, ಎಷ್ಟು ಬಸ್ಸು ಬದಲಿಸಿ ಬಂದಿರಿ, ಅತ್ತೆ ಅಡುಗೆಗೆ ಉಪ್ಪು ಜಾಸ್ತಿ ಹಾಕುತ್ತಾರಾ ಕಡಿಮೆಯಾ. ಯಾವ ಮಾತು ಯಾವಾಗ ಎಂದು ಅವಳು ಯೋಚಿಸಬೇಕಾಗಿರಲಿಲ್ಲ. ಕಾಲಿಗೆ ನೀಲಿ ಚಪ್ಪಲಿ ಬಿದ್ದರೆ ಬಾಯಿ ತಾನಾಗಿಯೇ ಬದಲಾಗುತ್ತಿತ್ತು.

ಈ ಕೆಲಸದ ಬಗ್ಗೆ ಅವಳಿಗೆ ಹೆಮ್ಮೆ ಇತ್ತು. ಬರುವವರು ಯೋಚಿಸಿಯೇ ಬಂದಿರುತ್ತಾರೆ, ಅವರ ಪರವಾಗಿ ನಾನು ಇನ್ನೊಂದು ಸಲ ಯೋಚಿಸುವುದು ಅಧಿಕಪ್ರಸಂಗ ಎಂದು ನಂಬಿದ್ದಳು. ನಂಬದೇ ಇರುವ ಹಾಗೂ ಇರಲಿಲ್ಲ. ಹತ್ತು ಹನ್ನೆರಡು ವರ್ಷಗಳ ಹಿಂದೆ ಅದೇ ಟೇಬಲ್ಲಿನ ಮೇಲೆ ಅವಳ ಸ್ವಂತ ಅಕ್ಕ ಮಲಗಿದ್ದಳು. ಭಾವ ಲಾರಿ ಡಿಪೋದಲ್ಲಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದ ಕಾಲ. ಎರಡನೆಯ ಮಗು ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ಅಕ್ಕ ಒಂದು ತೊಟ್ಟು ಕಣ್ಣೀರು ಹಾಕಿರಲಿಲ್ಲ. ರೇಡಿಯೋ ಅವಳ ಕೈ ಹಿಡಿದು, ಚಿಕ್ಕಂದಿನಲ್ಲಿ ಇಬ್ಬರೂ ಸೇರಿ ಪಕ್ಕದ ಮನೆಯವರ ಬಾವಿಗೆ ಬಕೆಟ್ ಬೀಳಿಸಿದ್ದನ್ನು ಹೇಳಿ ನಗಿಸಿದ್ದಳು. ಭಾವ ಎದ್ದು ಓಡಾಡುವ ಹಾಗಾದ ಮೇಲೆ ಅಕ್ಕ ಕಾರು ಕಲಿತು, ಸ್ವಂತ ಡ್ರೈವಿಂಗ್ ಸ್ಕೂಲ್ ತೆರೆದಳು. ರೇಡಿಯೋ ಅವಳ ಮನೆಯ ಮಹಡಿಯ ಮೇಲಿನ ಕೋಣೆಯಲ್ಲೇ ಇದ್ದಳು. ಅಮ್ಮ ತೀರಿಕೊಂಡ ಮೇಲೆ ಬೈಯಲಿಕ್ಕೆ ಉಳಿದವಳು ಅಕ್ಕ ಒಬ್ಬಳೇ.

ಒಂದು ದಿನ ಮುಂದಿನ ಕೋಣೆಯ ಛಾವಣಿಯಿಂದ ಪ್ಲಾಸ್ಟರ್ ಉದುರಿತು. ಗಾರೆಯವನು ಬಂದು ಏಣಿ ಹಾಕಿದ. ಬೆಳಗಿನ ಬಸುರಿಯರನ್ನು ಹಿಂತಿರುಗಿಸುವ ಬದಲು ಡಾಕ್ಟರಮ್ಮ, ಸ್ಕ್ಯಾನ್ ಮಶೀನನ್ನು ಹಿಂದಿನ ಕೋಣೆಗೆ ತಳ್ಳಿಸಿ ಅಲ್ಲೇ ತಪಾಸಣೆ ಮುಗಿಸಿದರು. ರೇಡಿಯೋ ಬೆಳಗಿನಿಂದ ನೀಲಿ ಚಪ್ಪಲಿ ಹಾಕಿಕೊಂಡೇ ಬೆಳಗಿನ ಮಾತು ಆಡಿದಳು. ಊಟಕ್ಕೂ ಸರಿಯಾಗಿ ಬಿಡುವಾಗಲಿಲ್ಲ. ನಿಂತುಕೊಂಡೇ ಎರಡು ತುತ್ತು ಬ್ರೆಡ್ಡು ತಿಂದು ಕೈ ತೊಳೆದಳು.

ಮಧ್ಯಾಹ್ನದ ಮೊದಲನೆಯವಳು ಇಸ್ತ್ರಿ ಅಂಗಡಿಯವಳು. ಅಂಗೈ ಗಟ್ಟಿಯಾಗಿತ್ತು, ಬೆಚ್ಚಗಿತ್ತು. ಡಾಕ್ಟರಮ್ಮ ಕೆಲಸ ಶುರು ಮಾಡಿದರು. ರೇಡಿಯೋ ಶುರುವಾದಳು.

"ಉಸಿರು ಹಿಡೀಬೇಡಿ. ಸೊಂಟ ಸಡಿಲ ಬಿಡಿ. ಹಾಂ, ಹಾಗೆ. ಜಾಣೆ. ಇಷ್ಟು ಗಟ್ಟಿ ಕೈ ನಂದಿದ್ದಿದ್ರೆ ನಾನು ಯಾರಿಗೂ ಹೆದರ್ತಿರ್ಲಿಲ್ಲ ನೋಡಿ. ಮತ್ತೆ, ಹೆಸರೇನಾದ್ರೂ ಯೋಚ್ನೆ ಮಾಡಿದ್ದೀರಾ?"

ಡಾಕ್ಟರಮ್ಮನ ಕೈ ಒಂದು ಕ್ಷಣ ನಿಂತಿತು. ಮಾಸ್ಕಿನ ಮೇಲಿನಿಂದ ಕಣ್ಣೆತ್ತಿ ನೋಡಿದರು. ರೇಡಿಯೋಗೆ ಆಗಲೇ ಗೊತ್ತಾದದ್ದು.

ಮಲಗಿದವಳು ಸೂರು ನೋಡುತ್ತಿದ್ದಳು. "ಮಾಡಿದ್ದೆ" ಎಂದಳು. ಹೆಸರನ್ನೂ ಹೇಳಿದಳು. ಯಾರ ಮನೆಯಲ್ಲಾದರೂ ಇರುವಂಥ, ಕೂಗಿ ಕರೆಯಲು ಸುಲಭವಾದ ಹೆಸರು. ಹೇಳಿ, "ಮುಗೀತಾ ಡಾಕ್ಟ್ರೇ?" ಎಂದು ಕೇಳಿದಳು.

"ಆಯ್ತು, ಇನ್ನೇನು ಆಯ್ತು" ಎಂದರು ಡಾಕ್ಟರಮ್ಮ.

ಆಮೇಲೆ ಪರದೆಯ ಹಿಂದಿನ ಮಂಚದಲ್ಲಿ ಅವಳಿಗೆ ಟೀ ಕೊಡುವಾಗ ರೇಡಿಯೋ, "ತಪ್ಪಾಯ್ತು. ಬೆಳಿಗ್ಗೆಯಿಂದ ಕೇಳ್ತಾ ಇದ್ದ ಪ್ರಶ್ನೆ, ಬಾಯಿ ತಪ್ಪಿ ಬಂದ್ಬಿಡ್ತು. ನೀವು ಬೇಕಾದ್ರೆ ಮೇಡಂ ಹತ್ರ ದೂರು ಕೊಡಿ" ಎಂದಳು.

"ದೂರು ಯಾಕೆ ಸಿಸ್ಟರ್" ಎಂದಳು ಇಸ್ತ್ರಿಯವಳು ಬಿಸ್ಕೆಟ್ ಅದ್ದುತ್ತಾ. "ಯಾರೂ ಕೇಳಿರ್ಲಿಲ್ಲ. ನೀವಾದ್ರೂ ಕೇಳಿದ್ರಿ."

"ನಿಮಗೆ ಬೇಜಾರು..."

"ಬೇಜಾರು ನನ್ನದು. ನಾನು ನೋಡ್ಕೊಳ್ತೀನಿ. ನಾನೇ ಅಳ್ತಾ ಇಲ್ಲ, ನೀವ್ಯಾಕೆ ಮೂಗು ಒರೆಸ್ಕೊಳ್ತೀರಾ? ಟೀ ಚೆನ್ನಾಗಿದೆ."

ಸ್ವಲ್ಪ ಹೊತ್ತು ಮಲಗಿದ್ದು ಎದ್ದು ಹೋದಳು. ತನ್ನ ನಿರ್ಧಾರದ ಬಗ್ಗೆ ಅವಳಿಗೆ ಯಾವ ಅನುಮಾನವೂ ಇದ್ದ ಹಾಗೆ ಕಾಣಲಿಲ್ಲ. ಅನುಮಾನ ಶುರುವಾದದ್ದು ರೇಡಿಯೋಗೆ.

ಕ್ಷಮೆ ಕೇಳಿದ್ದೇನೋ ಸರಿ. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಬಂದಿತ್ತು. ಬೆಳಿಗ್ಗೆ ಬಂದ ಹೆಂಗಸರಲ್ಲಿ ಇಬ್ಬರಿಗೆ ಇಸ್ತ್ರಿಯವಳಷ್ಟೇ ತಿಂಗಳು. ಅವರ ಹೊಟ್ಟೆಯಲ್ಲಿ ಇರುವುದನ್ನು ಮಗು ಎಂದು ಕರೆದು ಮೂಗಿನ ತಮಾಷೆ ಮಾಡಿದ ಬಾಯಿ, ಮಧ್ಯಾಹ್ನ ಅದಕ್ಕೆ ಯಾವ ಹೆಸರೂ ಇಲ್ಲದಂತೆ ಅತ್ತೆಯ ಉಪ್ಪಿನ ಬಗ್ಗೆ ಮಾತಾಡುತ್ತಿತ್ತು. ಎರಡರಲ್ಲಿ ಒಂದನ್ನು ತಾನು ನಿಜವಾಗಿ ನಂಬಿಲ್ಲ ಎಂದು ಅವಳಿಗೆ ಅನಿಸಿತು. ಯಾವುದನ್ನು ಎಂದು ತಿಳಿಯಲು ಹೆಚ್ಚು ದಿನ ಹಿಡಿಯಲಿಲ್ಲ. ಮಧ್ಯಾಹ್ನ ಕೈ ಹಿಡಿದು ನಿಂತರೆ ಮಾತು ಬರುತ್ತಿರಲಿಲ್ಲ. ಬಂದರೂ ಸರ್ಕಾರಿ ಪ್ರಕಟಣೆ ಓದಿದ ಹಾಗೆ ಬರುತ್ತಿತ್ತು. ಒಬ್ಬ ಕಾಲೇಜು ಹುಡುಗಿಯಂತೂ, "ಸಿಸ್ಟರ್, ನಿಮಗೆ ಹುಷಾರಿಲ್ವಾ?" ಎಂದು ಟೇಬಲ್ಲಿನ ಮೇಲಿನಿಂದ ಅವಳನ್ನೇ ವಿಚಾರಿಸಿಕೊಂಡಳು.

ಕೆಲಸ ಬಿಡುವುದು ಕಷ್ಟವಾಗಿರಲಿಲ್ಲ. ನರ್ಸುಗಳಿಗೆ ಕೆಲಸಕ್ಕೇನೂ ಬರವಿಲ್ಲ. ಅವಳ ಗಂಟಲಲ್ಲಿ ಸಿಕ್ಕಿಕೊಂಡಿದ್ದವಳು ಅಕ್ಕ. ಇದು ನನ್ನ ಕೈಲಾಗುವುದಿಲ್ಲ, ಯಾಕೆಂದರೆ ಅದು ಮಗು ಎಂದು ಹೇಳಿದ ಕೂಡಲೇ, ಅಕ್ಕ ಅವತ್ತು ಮಾಡಿದ್ದು ಏನು ಎಂಬ ಪ್ರಶ್ನೆಗೂ ಉತ್ತರ ಹೇಳಿದಂತಾಗುತ್ತದೆ. ಅದನ್ನು ಹೇಳಿ ಅದೇ ಮನೆಯ ಮೆಟ್ಟಿಲು ಹತ್ತುವುದು ಹೇಗೆ?

ಕೊನೆಗೆ ಒಂದು ಶನಿವಾರ, ಡಾಕ್ಟರಮ್ಮ ಕಿತ್ತಳೆ ಸುಲಿಯುತ್ತಾ ಕೂತಿದ್ದಾಗ ಒಳಗೆ ಹೋದಳು.

"ಮೇಡಂ, ಕೆಲಸ ಬಿಡ್ತೀನಿ. ಬೆನ್ನು ನೋವು ಜಾಸ್ತಿಯಾಗಿದೆ."

"ಎಲ್ಲಿ ನೋವು?"

"ಬೆನ್ನಲ್ಲಿ."

"ಬೆನ್ನು ದೊಡ್ಡದಿದೆಯಲ್ಲಮ್ಮಾ. ಮೇಲಾ, ಕೆಳಗಾ? ಬಗ್ಗಿದ್ರೆ ಬರುತ್ತಾ, ನಿಂತ್ರೆ ಬರುತ್ತಾ?" ಡಾಕ್ಟರಮ್ಮ ಒಂದು ತೊಳೆ ಬಾಯಿಗೆ ಹಾಕಿಕೊಂಡರು. "ಸುಳ್ಳು ಹೇಳೋದಾದ್ರೆ ವಕೀಲರ ಹತ್ರ ಹೇಳು. ಡಾಕ್ಟರ ಹತ್ರ ಹೇಳ್ಬೇಡ. ಕೂತ್ಕೋ."

ರೇಡಿಯೋ ಕೂತು ನಿಜ ಹೇಳಿದಳು. ಡಾಕ್ಟರಮ್ಮ ಮಧ್ಯೆ ಬಾಯಿ ಹಾಕಲಿಲ್ಲ. ಕಿತ್ತಳೆ ಪೂರ್ತಿ ತಿಂದು, ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿದರು.

"ನಾನು ಟ್ರೈನಿಂಗಲ್ಲಿದ್ದಾಗ ದೊಡ್ಡಾಸ್ಪತ್ರೆಯ ಕೊನೇ ವಾರ್ಡಲ್ಲಿ ಹಾಕಿದ್ರು ನನ್ನ. ಬಸಿರು ಇಳಿಸ್ಕೊಳ್ಳೋಕೆ ಕಡ್ಡಿ, ಕಷಾಯ, ಏನೇನೋ ಮಾಡ್ಕೊಂಡು ಬರೋರು. ಜ್ವರ ಏರಿ ಹಲ್ಲು ಕಟಕಟ ಅನ್ನೋದು. ಹದಿನೇಳು ವರ್ಷದವಳೊಬ್ಬಳು ನನ್ನ ಕೋಟು ಹಿಡ್ಕೊಂಡೇ ಹೋದ್ಲು. ಆ ಹಿಂದಿನ ಕೋಣೆ ನಾನು ಮಾಡಿದ್ದು ಅವಳಿಗೋಸ್ಕರ. ನಿನಗೆ ಇದೆಲ್ಲ ಹೇಳಿದ್ದೀನಿ."

"ಹೇಳಿದ್ದೀರಿ ಮೇಡಂ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ."

"ಉತ್ತರ ಇಲ್ಲದೇನೇ ಕೆಲಸ ಬಿಡ್ತೀಯಾ?"

"ಇಷ್ಟು ವರ್ಷ ಉತ್ತರ ಇಲ್ಲದೇನೇ ಮಾಡ್ತಿದ್ನಲ್ಲ."

ಡಾಕ್ಟರಮ್ಮ ನಕ್ಕರು. ಖುಷಿಯ ನಗೆಯೇನಲ್ಲ. "ಮುಂದಿನ ಕೋಣೆ ಮಾತ್ರ ನೋಡ್ಕೋ. ಮಧ್ಯಾಹ್ನಕ್ಕೆ ಬೇರೆಯವರನ್ನ ಹುಡುಕ್ತೀನಿ."

"ಗೋಡೆ ತೆಳ್ಳಗಿದೆ ಮೇಡಂ."

"ಹೂಂ." ಅವರು ಕಿಟಕಿ ನೋಡಿದರು. "ನಿಮ್ಮಕ್ಕನಿಗೆ ಏನು ಹೇಳ್ತೀಯಾ?"

ರೇಡಿಯೋ ಸಿಪ್ಪೆಯ ಪೊಟ್ಟಣ ಎತ್ತಿ ಕಸದ ಬುಟ್ಟಿಗೆ ಹಾಕಿದಳು.

"ಅವಳಿಗೂ ಬೆನ್ನು ನೋವು ಅಂತಾನಾ? ನೋಡು, ನೀನು ಅನ್ಕೊಂಡಿರೋದು ತಪ್ಪು ಅಂತ ನಾನು ನಾಳೆನೂ ಹೇಳ್ತೀನಿ, ಸಾಯೋವಾಗಲೂ ಹೇಳ್ತೀನಿ. ಆದ್ರೆ ಮನಸ್ಸಿಲ್ಲದ ಕೈ ನನ್ನ ಟೇಬಲ್ ಹತ್ರ ಬೇಡ. ಮಲಗಿರೋಳಿಗೆ ಅದು ಗೊತ್ತಾಗುತ್ತೆ." ಫೋನು ತೆಗೆದು, ಊರಿನ ಆ ತುದಿಯಲ್ಲಿ ಕಿಡ್ನಿ ರೋಗಿಗಳಿಗೆ ಡಯಾಲಿಸಿಸ್ ಮಾಡುವ ಕೇಂದ್ರದ ಮುಖ್ಯಸ್ಥರಿಗೆ ಕರೆ ಮಾಡಿದರು. "ಒಳ್ಳೇ ನರ್ಸ್ ಒಬ್ಬಳಿದ್ದಾಳೆ. ಬಾಯಿ ಜಾಸ್ತಿ. ಕೈ ಶುದ್ಧ. ತಗೋತೀರಾ?"

ಅಕ್ಕನಿಗೆ ಅವಳು ಬೆನ್ನು ನೋವು ಎಂದೇ ಹೇಳಿದಳು. ಅಕ್ಕ ಡಾಕ್ಟರಲ್ಲ, ನಂಬಿದಳು. ಮುಲಾಮು ತಂದುಕೊಟ್ಟಳು. ಹೊಸ ಕೆಲಸ ಶುರುವಾಗುವುದು ನಸುಕಿಗೆ, ಆ ಹೊತ್ತಿಗೆ ಬಸ್ಸಿಲ್ಲ. "ನಿಮ್ಮ ಭಾವನ ಹಳೇ ಕಾರು ಸುಮ್ನೆ ನಿಂತಿದೆ. ಕಲಿತ್ಕೋ. ಊರವರಿಗೆಲ್ಲ ಕಲಿಸ್ತೀನಿ, ಮನೇಲಿರೋ ಕತ್ತೆಗೆ ಕಲಿಸಕ್ಕಾಗಲ್ವಾ?" ಎಂದು ಸಂಜೆ ಸಂಜೆ ಅವಳನ್ನು ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕೂರಿಸಿಕೊಂಡು ಹೊರಟಳು. ಆ ಕಾರಿಗೆ ಎರಡು ಕಡೆಯೂ ಬ್ರೇಕು. ಮುಲಾಮಿನ ವಾಸನೆ ಮೂಗಿಗೆ ಹೊಡೆದಾಗಲೆಲ್ಲ ರೇಡಿಯೋಗೆ ಗೇರು ತಪ್ಪುತ್ತಿತ್ತು.

ಕ್ಲಿನಿಕ್ಕಿನ ಎದುರಿನ ಫುಟ್‌ಪಾತಿನಲ್ಲಿ ಮಡಚುವ ಸ್ಟೂಲ್ ಹಾಕಿಕೊಂಡು ಒಬ್ಬ ಆಂಟಿ ಕೂತಿರುತ್ತಿದ್ದರು. ಗರ್ಭಪಾತ ಬೇಡ ಎನ್ನುವ ಸಂಘದವರು. ಒಳಗೆ ಹೋಗುವ ಹೆಂಗಸರಿಗೆ ಕರಪತ್ರ ಕೊಡುವುದು ಅವರ ಕೆಲಸ. ವರ್ಷಗಟ್ಟಲೆ ಇಬ್ಬರೂ ಮುಖ ನೋಡಿಕೊಂಡಿದ್ದರು. ಬಿಸಿಲು ಹೆಚ್ಚಿದ ದಿನ ರೇಡಿಯೋ ಅವರಿಗೆ ನೀರು ಕೊಟ್ಟದ್ದೂ ಉಂಟು. ಕೊನೆಯ ದಿನ ಅವಳು ತನ್ನ ಟಿಫನ್ ಡಬ್ಬಿ, ಲೋಟ, ಸ್ವೆಟರ್ ಚೀಲಕ್ಕೆ ತುಂಬಿಕೊಂಡು ಬರುವಾಗ ಆಂಟಿ ಎದ್ದು ನಿಂತರು.

"ಬಿಟ್ರಂತೆ? ನಿಮ್ಮ ಕ್ಲಿನಿಕ್ ಆಯಾ ಹೇಳಿದ್ಲು. ನಿಜ ಹೇಳಿ, ಮನಸ್ಸು ಬದಲಾಯ್ತು ತಾನೇ?"

ಕ್ಲಿನಿಕ್ಕಿನ ಎದುರಲ್ಲೇ ಸುಳ್ಳು ಹೇಳಲು ಅವಳಿಗೆ ಮನಸ್ಸು ಬರಲಿಲ್ಲ. "ಹೌದು" ಎಂದಳು.

ಆಂಟಿಯ ಕಣ್ಣು ತುಂಬಿತು. ಕೈ ಹಿಡಿದುಕೊಂಡರು. "ಮುಂದಿನ ಭಾನುವಾರ ನಮ್ಮ ಸಭೆ ಇದೆ. ನೀವು ಬಂದು ಮಾತಾಡ್ಬೇಕು. ನಾನು ಹತ್ತು ವರ್ಷ ಹೊರಗೆ ನಿಂತು ಹೇಳಿದ್ದು ಒಂದು ತೂಕ, ಒಳಗಿದ್ದೋರು ಹೇಳಿದ್ರೆ ಇನ್ನೊಂದು ತೂಕ."

"ಏನಂತ ಮಾತಾಡ್ಲಿ?"

"ಅಲ್ಲೇನು ನಡೀತಿತ್ತು, ಎಂಥೆಂಥೋರು ಬರ್ತಿದ್ರು..."

"ಬಂದೋರು ಬೇಕಾದ್ರೆ ಹೇಳ್ಲಿ ಆಂಟಿ. ಅವರ ಸುದ್ದಿ ನನ್ನದಲ್ಲ."

"ಅಯ್ಯೋ, ಹೆಸರು ಹೇಳೋದು ಬೇಡ. ನಿಮ್ಮ ಅನುಭವ ಹೇಳಿ."

"ನನ್ನ ಅನುಭವ ಅಂದ್ರೂ ಅವರೇನೇ." ಅವಳು ಚೀಲ ಹೆಗಲಿಗೇರಿಸಿದಳು. "ನೀವು ಹೇಳೋದರಲ್ಲಿ ಅರ್ಧ ನಾನೂ ಒಪ್ತೀನಿ. ಆದ್ರೆ ಒಳಗೆ ಹೋಗೋಳ ಮುಖ ನೋಡಿ ಪಾಪಿ ಅಂತೀರಲ್ಲ, ಅದು ಆಗಲ್ಲ."

"ಹಾಗಾದ್ರೆ ನೀವು ಯಾರ ಕಡೆ?" ಆಂಟಿಗೆ ಕೋಪಕ್ಕಿಂತ ಗೊಂದಲವೇ ಹೆಚ್ಚಿತ್ತು.

"ಸದ್ಯಕ್ಕೆ ಮನೆ ಕಡೆ" ಎಂದು ರೇಡಿಯೋ ಬಸ್ ಸ್ಟಾಪಿಗೆ ನಡೆದಳು. ಮಾತು ಅಲ್ಲಿಗೇ ಮುಗಿಯಿತು ಎಂದುಕೊಂಡಳು.

ಮುಗಿಯಲಿಲ್ಲ. ಆಂಟಿ ಒಳ್ಳೆಯವರೇ, ಆದರೆ ಆಸೆಯನ್ನೇ ಸುದ್ದಿ ಮಾಡುವವರು. ಕ್ಲಿನಿಕ್ಕಿನ ನರ್ಸು ಬಂದು ಮಾತಾಡುತ್ತಾಳೆ ಎಂದು ಸಂಘದಲ್ಲಿ ಹೇಳಿಬಿಟ್ಟರು. ಆ ಸಂಘದ ಒಬ್ಬಾಕೆ ಅಕ್ಕನ ಹತ್ತಿರ ಕಾರು ಕಲಿಯುತ್ತಿದ್ದಳು.

ಮರುದಿನ ಸಂಜೆ ಇಬ್ಬರೂ ಪಾಠಕ್ಕೆ ಹೊರಟರು. ಮಾರ್ಕೆಟ್ ರಸ್ತೆಗೆ ತಿರುಗಿಕೊಂಡ ಮೇಲೆ ಅಕ್ಕ ಕೇಳಿದಳು. "ಬೆನ್ನು ಹೇಗಿದೆ?"

"ಪರವಾಗಿಲ್ಲ."

"ಸಭೆಯಲ್ಲಿ ನಿಂತು ಮಾತಾಡೋಷ್ಟು ವಾಸಿಯಾಗಿದೆಯಾ?"

ರೇಡಿಯೋಳ ಕಾಲು ಎಲ್ಲಿಗೋ ಬಿತ್ತು. ಕಾರು ಮುಗ್ಗರಿಸಿತು. ಅಕ್ಕ ತನ್ನ ಕಡೆಯ ಬ್ರೇಕು ತುಳಿದಳು. ನಡು ರಸ್ತೆಯಲ್ಲಿ ಕಾರು ನಿಂತಿತು. ಹಿಂದಿನಿಂದ ಹಾರನ್ನುಗಳು ಶುರುವಾದವು.

"ನಾನು ಮಾತಾಡಲ್ಲ ಅಂದಿದ್ದೀನಿ ಅಕ್ಕಾ. ಅವರೇ..."

"ಅದನ್ನ ಕೇಳ್ತಿಲ್ಲ. ಮನಸ್ಸು ಬದಲಾಯ್ತು ಅಂದಿದ್ದು ನಿಜಾನಾ?"

"ನಿಜ."

"ಬೀದೀಲಿ ಸ್ಟೂಲ್ ಹಾಕ್ಕೊಂಡು ಕೂತೋಳಿಗೆ ನಿಜ ಹೇಳ್ತೀಯಾ. ನನಗೆ ಬೆನ್ನು ನೋವು. ನಾನು ಪೆದ್ದಿ, ಮುಲಾಮು ತಂದುಕೊಡ್ತೀನಿ." ಅಕ್ಕನ ದನಿ ಏರಲಿಲ್ಲ. ಭಯವಾಗುತ್ತಿದ್ದದ್ದೇ ಅದಕ್ಕೆ. "ಹಾಗಾದ್ರೆ ಹೇಳು. ನಾನು ಅವತ್ತು ಏನು ಮಾಡ್ದೆ?"

"ಅಕ್ಕಾ, ಹಿಂದೆ ಗಾಡಿಗಳು..."

"ನಿಂತಿರ್ಲಿ. ನಾನೇನು ಮಾಡ್ದೆ ಹೇಳು."

ಹಿಂದಿನ ಟೆಂಪೋದವನು ಇಳಿದು ಬಂದು ಕಿಟಕಿ ಬಡಿದ. "ಏನಮ್ಮಾ, ಇಲ್ಲೇ ಸಂಸಾರ ಹೂಡ್ತೀರಾ?"

"ಕಲಿಯೋರ ಗಾಡಿ ಅಂತ ಬೋರ್ಡಿದೆ, ಕಾಣಲ್ವಾ? ಹೋಗಪ್ಪಾ, ಪಕ್ಕದಿಂದ ಹೋಗು!" ಎಂದು ಅಕ್ಕ ಗದರಿದಳು. ಅವನು ಹೋದ. ಅವಳು ತಂಗಿಯ ಕಡೆ ತಿರುಗಿದಳು. ಬಿಡುವ ಹಾಗಿರಲಿಲ್ಲ.

"ಅದು ಮಗು ಅಂತ ನನಗನ್ಸುತ್ತೆ" ಎಂದಳು ರೇಡಿಯೋ, ಸ್ಟೇರಿಂಗ್ ಹಿಡಿದುಕೊಂಡೇ. "ನೀನು ಕೆಟ್ಟೋಳು ಅಂತ ಅನ್ಸಲ್ಲ. ಎರಡೂ ಒಟ್ಟಿಗೆ ಹೇಗೆ ಆಗುತ್ತೆ ಅಂತ ಕೇಳಿದ್ರೆ ನನಗೆ ಗೊತ್ತಿಲ್ಲ. ನಿನಗೆ ಸುಳ್ಳು ಹೇಳಿದ್ದು ಅದಕ್ಕೇನೇ. ಕೇಳಿದ್ರೆ ಹೇಳೋಕೆ ಏನೂ ಇರ್ಲಿಲ್ಲ."

ಅಕ್ಕ ತನ್ನ ಕಡೆಯ ಬ್ರೇಕಿನಿಂದ ಕಾಲು ತೆಗೆದಳು. "ಕ್ಲಚ್ ತುಳಿ" ಎಂದಳು. "ಮೊದಲನೇ ಗೇರು. ನಿಧಾನ ಬಿಡು."

ಆಮೇಲೆ ಎಷ್ಟೋ ದಿನ ಅಕ್ಕನ ಬಾಯಿಂದ ಬಂದದ್ದು ಇಷ್ಟೇ. ಕ್ಲಚ್. ಬ್ರೇಕ್. ಎಡಕ್ಕೆ. ಕನ್ನಡಿ ನೋಡು. ಸಂಜೆಯ ಪಾಠ ಮಾತ್ರ ತಪ್ಪಿಸಲಿಲ್ಲ. ಸರಿಯಾದ ಹೊತ್ತಿಗೆ ಕೆಳಗಿನಿಂದ ಹಾರನ್ ಹೊಡೆಯುತ್ತಿದ್ದಳು. ಇಳಿದು ಬಾ ಎಂದು ಕರೆಯುತ್ತಿರಲಿಲ್ಲ. ಕೆಳಗಿನ ಮನೆಯಲ್ಲಿ ಊಟಕ್ಕೆ ತಟ್ಟೆ ಇಡುತ್ತಿದ್ದಳು, ಅನ್ನ ಬಡಿಸುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಭಾವ ಒಂದು ದಿನ, "ಇಬ್ಬರೂ ಮೂತಿ ಊದಿಸ್ಕೊಂಡು ಕೂತ್ರೆ ನನಗೆ ಊಟ ಇಳಿಯಲ್ಲ ಕಣ್ರೇ" ಎಂದ. ಅಕ್ಕ ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು. ಅವನು ತೆಪ್ಪಗೆ ಉಂಡ.

ರೇಡಿಯೋ ಪರೀಕ್ಷೆಯಲ್ಲಿ ಒಂದು ಸಲ ಫೇಲಾಗಿ, ಎರಡನೆಯ ಸಲಕ್ಕೆ ಲೈಸೆನ್ಸ್ ತೆಗೆದುಕೊಂಡಳು. ಆ ದಿನವೂ ಅಕ್ಕ, "ರಿವರ್ಸ್ ಇನ್ನೂ ಸರಿಯಿಲ್ಲ" ಎಂದಷ್ಟೇ ಹೇಳಿದಳು.

ಡಯಾಲಿಸಿಸ್ ಕೇಂದ್ರದಲ್ಲಿ ಅವಳ ಮಾತಿಗೆ ಮೊದಲ ದಿನವೇ ಕತ್ತರಿ ಬಿತ್ತು. ಅಲ್ಲಿ ಸಾಲಾಗಿ ಒರಗು ಕುರ್ಚಿಗಳು, ಪ್ರತಿ ಕುರ್ಚಿಯ ಪಕ್ಕ ಒಂದು ಯಂತ್ರ. ಕೆಟ್ಟ ರಕ್ತ ಒಂದು ನಳಿಕೆಯಲ್ಲಿ ಹೋಗಿ, ಶುದ್ಧವಾದದ್ದು ಇನ್ನೊಂದರಲ್ಲಿ ಬರುವವರೆಗೂ ರೋಗಿಗಳು ಗಂಟೆಗಟ್ಟಲೆ ಒರಗಿರಬೇಕು. ವಾರಕ್ಕೆ ಮೂರು ದಿನ ಇದೇ. ಕಿಟಕಿ ಪಕ್ಕದ ಕುರ್ಚಿ ಒಬ್ಬ ನಿವೃತ್ತ ರೈಲ್ವೆ ಗಾರ್ಡ್ ಅಜ್ಜನದು. ರೇಡಿಯೋ ತನ್ನ ಮಾಮೂಲಿನಂತೆ ಮನೆ, ಮಕ್ಕಳು, ತಿಂಡಿ ಎಂದು ಶುರುಮಾಡಿದ್ದಳಷ್ಟೆ.

"ಅಮ್ಮಾ ತಾಯಿ," ಅಜ್ಜ ಕಣ್ಣು ಮುಚ್ಚಿಕೊಂಡೇ ಹೇಳಿದರು, "ಜೀವಮಾನವೆಲ್ಲ ರೈಲಿನ ಸದ್ದಲ್ಲಿ ನಿದ್ದೆ ಕೆಟ್ಟೋನು ನಾನು. ಈ ಕುರ್ಚಿ ಮೇಲೆ ಬರೋದೇ ನನಗೆ ನಿದ್ದೆ. ಬಾಯಿಗೆ ಸ್ವಲ್ಪ ರಜ ಕೊಡು."

"ಸರಿ ಅಜ್ಜ."

"ಸರಿ ಅಂತಾನೂ ಹೇಳ್ಬೇಡ."

ಬಾಯಿಗೆ ರಜ ಕೊಟ್ಟ ಮೇಲೆ ಕೈ ಕಲಿಯಬೇಕಾಯಿತು. ತೋಳಿನ ಉಬ್ಬಿದ ನಾಳಕ್ಕೆ ದಪ್ಪ ಸೂಜಿ ಚುಚ್ಚುವುದು ಸುಲಭವಲ್ಲ. ಮೊದಲ ಸಲ ತಪ್ಪಿ, ಅಜ್ಜನ ತೋಳು ಬದನೆಕಾಯಿ ಬಣ್ಣಕ್ಕೆ ತಿರುಗಿತು. ಅಜ್ಜ ಅವಳಿಗೆ ತಿಳಿದ ಮತ್ತು ತಿಳಿಯದ ಎಲ್ಲ ಬೈಗುಳಗಳನ್ನೂ ಬೈದರು. ಮರುದಿನದಿಂದ ಅವಳು ಹಿರಿಯ ಸಿಸ್ಟರ್ ಹಿಂದೆ ನಿಂತು, ಬೆರಳು ಇಟ್ಟು ನಾಳ ಗುರುತಿಸುವುದನ್ನು ಕಲಿತಳು. ಬಿಡುವಿದ್ದಾಗ ತನ್ನ ತೋಳನ್ನೇ ಒತ್ತಿ ನೋಡಿಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ಅಜ್ಜ, "ಚುಚ್ಚಲ್ವೇನಮ್ಮಾ, ಹೊತ್ತಾಯ್ತು" ಎಂದರು. ಸೂಜಿ ಆಗಲೇ ಒಳಗಿತ್ತು. ಅವತ್ತು ಕಾರಿನಲ್ಲಿ ಮನೆಗೆ ಬರುತ್ತಾ ಅವಳು ಹಾಡಿಕೊಂಡಳು. ಇದನ್ನು ಅಕ್ಕನಿಗೆ ಹೇಳಬೇಕು ಎನಿಸಿ, ಹೇಳುವ ಹಾಗಿಲ್ಲ ಎಂದು ನೆನಪಾಗಿ, ಹಾಡು ನಿಂತಿತು.

ಒಂದು ಭಾನುವಾರ ಮಧ್ಯಾಹ್ನ ಅಕ್ಕ ತಾನಾಗಿ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಸ್ಪಾನರ್ ಇತ್ತು.

"ನಿನ್ನ ಸಿಂಕ್ ಸೋರಿ ನಮ್ಮ ಅಡುಗೆಮನೆ ಗೋಡೆ ಒದ್ದೆಯಾಗಿದೆ. ಟಾರ್ಚ್ ಹಿಡಿ."

ಸಿಂಕಿನ ಕೆಳಗೆ ಅರ್ಧ ದೇಹ ತೂರಿಸಿಕೊಂಡಳು. ರೇಡಿಯೋ ನೆಲದ ಮೇಲೆ ಕೂತು ಟಾರ್ಚ್ ಹಿಡಿದಳು. ಕಾಣುತ್ತಿದ್ದದ್ದು ಅಕ್ಕನ ಕಾಲು, ಸೊಂಟ, ಅಷ್ಟೇ. ಮಾತು ಪೈಪಿನ ಸಂದಿಯಿಂದ ಬಂತು.

"ನನಗೆ ಪಶ್ಚಾತ್ತಾಪ ಇಲ್ಲ. ತಿಳ್ಕೊಂಡಿರು."

"ಗೊತ್ತು."

"ಅವತ್ತು ಹಾಗೆ ಮಾಡದಿದ್ರೆ ನಿಮ್ಮ ಭಾವ ಎದ್ದೇಳ್ತಿರ್ಲಿಲ್ಲ, ಚಿಕ್ಕವನು ಉಳೀತಿದ್ನೋ ಇಲ್ವೋ. ಈ ಸ್ಕೂಲೂ ಇಲ್ಲ, ನೀನು ಕೂತಿರೋ ಈ ನೆಲಾನೂ ಇಲ್ಲ. ಟಾರ್ಚ್ ಎಡಕ್ಕೆ."

ಅವಳು ಎಡಕ್ಕೆ ಹಿಡಿದಳು.

"ನೀನು ಹಾಗನ್ಕೊಂಡೆ ಅಂತ ಇಷ್ಟು ದಿನ ಉರೀತಿದ್ದೆ. ಆಮೇಲೆ ನೋಡಿದ್ರೆ, ಉರೀತಿದ್ದದ್ದು ಅದಕ್ಕಲ್ಲ." ಸ್ಪಾನರ್ ಒಂದೆರಡು ಸಲ ತಿರುಗಿತು. "ಅವತ್ತು ನನ್ನ ಕೈ ಹಿಡ್ಕೊಂಡಿದ್ದೆ. ಬಕೆಟ್ ಕಥೆ ಹೇಳಿದ್ದೆ. ಅದನ್ನ ಈಗ ವಾಪಸ್ ತಗೊಂಡ್ಯಾ?"

"ಇಲ್ಲ ಅಕ್ಕಾ."

"ತಪ್ಪು ಕೆಲಸಕ್ಕೆ ಕೈ ಹಿಡ್ದೆ ಅಂತ ಅನ್ಸಲ್ವಾ?"

ರೇಡಿಯೋ ಯೋಚಿಸಿದಳು. ಈ ಸಲ ಸುಳ್ಳು ಹೇಳಬಾರದು ಎಂದು ಗಟ್ಟಿ ಮಾಡಿಕೊಂಡಳು. "ಕೆಲಸದ ಬಗ್ಗೆ ಅನ್ಸುತ್ತೆ. ಕೈ ಹಿಡ್ದಿದ್ದಕ್ಕೆ ಅನ್ಸಲ್ಲ. ಯಾವತ್ತೂ ಅನ್ಸಲ್ಲ."

"ಇವತ್ತು ನಾನು ಮತ್ತೆ ಹೋಗ್ತೀನಿ ಅಂದ್ರೆ?"

"ಬೇಡ ಅಂತ ಜಗಳ ಆಡ್ತೀನಿ. ನಿನ್ನ ಮಕ್ಕಳನ್ನ ನಾನು ಸಾಕ್ತೀನಿ, ಅಡುಗೆ ಮಾಡ್ತೀನಿ, ಏನೇನೋ ಹೇಳಿ ತಲೆ ತಿಂತೀನಿ."

"ಆದ್ರೂ ಹೋದೆ ಅನ್ಕೋ."

"ಜೊತೇಗೆ ಬರ್ತೀನಿ. ಒಳಗೆ ಬರಲ್ಲ. ಹೊರಗಡೆ ಬೆಂಚಲ್ಲಿ ಕೂತಿರ್ತೀನಿ. ಮನೆಗೆ ಕರ್ಕೊಂಡು ಬಂದು ಮಲಗಿಸ್ತೀನಿ."

"ಒಳಗೆ ಬರಲ್ಲ."

"ಇಲ್ಲ ಅಕ್ಕಾ. ಬರಕ್ಕಾಗಲ್ಲ."

ಸಿಂಕಿನ ಕೆಳಗೆ ಸ್ಪಾನರ್ ಇನ್ನೊಂದು ಸಲ ತಿರುಗಿತು. ಆಮೇಲೆ ಅಕ್ಕ ಹಿಂದಕ್ಕೆ ತೆವಳಿಕೊಂಡು ಹೊರಬಂದಳು. ಕೂದಲೆಲ್ಲ ಒದ್ದೆ, ಕೆನ್ನೆಗೆ ಕಪ್ಪು ಗ್ರೀಸು ಹತ್ತಿತ್ತು. ಎಷ್ಟೋ ದಿನದ ಮೇಲೆ ತಂಗಿಯ ಮುಖ ನೋಡಿದಳು.

"ನನಗೆ ನಲವತ್ತೇಳು ಕಣೇ. ಆ ಭಯ ಬಿಡು. ಸುಮ್ನೆ ಕೇಳ್ದೆ."

ರೇಡಿಯೋಗೆ ನಗು ಬಂತು. ನಗಬಹುದೋ ಬಾರದೋ ತಿಳಿಯದೆ ತಡೆದುಕೊಂಡಳು. ಅಕ್ಕನೇ ಮೊದಲು ನಕ್ಕಳು.

"ನೀನು ತಪ್ಪು" ಎಂದಳು ಅಕ್ಕ, ಕೈ ಒರೆಸಿಕೊಳ್ಳುತ್ತಾ.

"ನೀನೂ."

"ಇರ್ಲಿ. ಇನ್ಮೇಲೆ ಬೆನ್ನು ನೋವು ಅಂತ ಬಂದ್ರೆ ಇದೇ ಸ್ಪಾನರ್ ತಗೊಂಡು ಬೆನ್ನು ಮುರೀತೀನಿ." ಅವಳು ಎದ್ದು ನಲ್ಲಿ ತಿರುಗಿಸಿದಳು, ಕೆಳಗೆ ಬಗ್ಗಿ ನೋಡಿದಳು. ಸೋರುತ್ತಿರಲಿಲ್ಲ. "ದೊಡ್ಡವಳಿಗೆ ಈ ವರ್ಷ ಹದಿನಾರು ತುಂಬುತ್ತೆ. ಆ ವಿಷಯ ಅವಳಿಗೆ ನಾನೇ ಹೇಳ್ಬೇಕು ಅಂತಿದ್ದೀನಿ. ಬೇರೆ ಯಾರೋ ಬಂದು ಹೇಳೋ ಮುಂಚೆ."

"ಹೇಳು. ಒಳ್ಳೇದೇ."

"ನೀನೂ ಇರ್ಬೇಕು. ನಾನು ಹೇಳಿದ ಮೇಲೆ ನಿನ್ನ ಮಾತೂ ಹೇಳು. ನಾನು ಮಧ್ಯೆ ಬಾಯಿ ಹಾಕಲ್ಲ. ಹಾಕಿದ್ರೆ ಕಾಲು ತುಳಿ. ಇಬ್ರ ಮಾತೂ ಕೇಳಿ ಅವಳೇ ಏನಾದ್ರೂ ಅನ್ಕೊಳ್ಳಿ."

ರೇಡಿಯೋ ತಲೆಯಾಡಿಸಿದಳು.

"ಏನೇ, ಬಾಯಿ ಬಿದ್ದೋಯ್ತಾ?" ಅಕ್ಕ ಸ್ಪಾನರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಕೆಳಗೆ ಬಾ, ಊಟ ಆರುತ್ತೆ. ಆ ನಿನ್ನ ಡಯಾಲಿಸಿಸ್ ಕಥೆ ಏನು? ಯಾರೋ ಮುದುಕ ಬೈತಾನಂತೆ, ನಿಮ್ಮ ಭಾವ ಹೇಳ್ತಿದ್ರು. ಏನಂತ ಬೈತಾನೆ?"

"ಮಕ್ಕಳ ಮುಂದೆ ಹೇಳೋ ಹಾಗಿಲ್ಲ."

"ಹಾಗಾದ್ರೆ ಮೆಟ್ಟಿಲಲ್ಲೇ ಹೇಳು" ಎಂದು ಅಕ್ಕ ಮುಂದೆ ಇಳಿದಳು. ರೇಡಿಯೋ ನೆಲದ ನೀರು ಒರೆಸಿ, ಬಟ್ಟೆ ಹಿಂಡಿ ಹಾಕಿ, ಅವಳ ಹಿಂದೆಯೇ ಇಳಿಯುತ್ತಾ ಹೇಳತೊಡಗಿದಳು. ಮೂರನೆಯ ಬೈಗುಳಕ್ಕೆ ಅಕ್ಕ ನಗು ತಡೆಯಲಾಗದೆ ಕಂಬಿ ಹಿಡಿದು ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು.